ಮಳೆ, ನೆರೆ, ಕರೆಂಟ್ ಕಡಿತ: ರೋಗಿ ಇರುವ ಮನೆ ಮೊದಲೇ ಹೇಗೆ ಸಜ್ಜಾಗಬೇಕು?

ನೆರೆ ಅಥವಾ ಚಂಡಮಾರುತಕ್ಕೆ ಸಿದ್ಧರಾಗಿ ಎಂದಾಗ ನಮಗೆ ಮೊದಲು ನೆನಪಾಗುವುದು ಟಾರ್ಚ್, ಮೇಣದಬತ್ತಿ, ಬಿಸ್ಕತ್ತು. ಆದರೆ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು, ಆಕ್ಸಿಜನ್ ಮೇಲಿರುವವರು, ಗರ್ಭಿಣಿ ಅಥವಾ ಹಾಸಿಗೆ ಹಿಡಿದ ಹಿರಿಯರು ಇದ್ದರೆ ಇಷ್ಟು ಸಾಲದು. ನೀರು ಮನೆಯೊಳಗೆ ಬಾರದಿದ್ದರೂ ಅವರ ಚಿಕಿತ್ಸೆ ನಿಂತುಹೋಗಬಹುದು. ಅದು ನಿಲ್ಲದಂತೆ ಮೂರರಿಂದ ಏಳು ದಿನ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ನಗರದ ಮಳೆ-ನೆರೆಯನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದರೂ ಇಲ್ಲಿನ ಹೆಚ್ಚಿನ ಸಲಹೆಗಳು ಚಂಡಮಾರುತ, ಭೂಕಂಪ ಅಥವಾ ದೀರ್ಘ ವಿದ್ಯುತ್ ಕಡಿತಕ್ಕೂ ಹೊಂದುತ್ತವೆ.

ಮುಖ್ಯಾಂಶಗಳು

• ನಿತ್ಯದ ಔಷಧ ಯಾವಾಗಲೂ ಎರಡು ವಾರಕ್ಕೆ ಆಗುವಷ್ಟು ಹೆಚ್ಚುವರಿ ಇರಲಿ.
• ರೋಗಿಯ ವಿವರವುಳ್ಳ ಒಂದು ಹಾಳೆಯನ್ನು ಕನ್ನಡದ ಜೊತೆಗೆ ನೀವಿರುವ ಊರಿನ ಭಾಷೆಯಲ್ಲೂ ಬರೆದಿಡಿ.
• ಕರೆಂಟ್ ಹೋದರೆ ಉಪಕರಣ ಎಷ್ಟು ಗಂಟೆ ನಡೆಯುತ್ತದೆ ಎಂದು ಇಂದೇ ಲೆಕ್ಕ ಹಾಕಿ.
• ಡಯಾಲಿಸಿಸ್, ಆಕ್ಸಿಜನ್, ತುಂಬು ಗರ್ಭ: ಈ ಮೂರರಲ್ಲಿ ಯಾವುದಿದ್ದರೂ ಮುನ್ಸೂಚನೆ ಬಂದಾಗಲೇ ಹೊರಡುವುದು ಕ್ಷೇಮ.
• ನೆರೆ ಇಳಿದ ಮೇಲೆ ಬರುವ ಜ್ವರವನ್ನು ಮಾಮೂಲಿ ಜ್ವರವೆಂದು ಬಿಡಬೇಡಿ.

ನಗರದ ನೆರೆಯಲ್ಲಿ ಏನೇನು ಕೈಕೊಡುತ್ತದೆ?

ಹಿಂದಿನ ಅನುಭವಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮುಂಬೈ, 2005: ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಲೋಕಲ್ ರೈಲುಗಳು ನಿಂತವು. ಕೆಲಸಕ್ಕೆ ಹೋದವರು ರಾತ್ರಿಯಿಡೀ ಕಚೇರಿ, ರೈಲು, ಬಸ್ಸುಗಳಲ್ಲೇ ಉಳಿದರು. ರೋಗಿಯನ್ನು ನೋಡಿಕೊಳ್ಳುವವರೇ ಮನೆ ತಲುಪಲಾಗದ ಸ್ಥಿತಿ ಅದು.

ಚೆನ್ನೈ, 2015: ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಉಕ್ಕಿತು. ಅನೇಕ ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲ, ಮೊಬೈಲ್ ಸಿಗ್ನಲ್ ಇರಲಿಲ್ಲ. ವಿಮಾನ ನಿಲ್ದಾಣವೂ ಹಲವು ದಿನ ಮುಚ್ಚಿತ್ತು.

ಪುಣೆ, 2019 ಮತ್ತು ಹೈದರಾಬಾದ್, 2020: ಪುಣೆಯಲ್ಲಿ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಹಳ್ಳ ಉಕ್ಕಿ ಬಂತು. ಹೈದರಾಬಾದ್‌ನಲ್ಲಿ ಅಕ್ಟೋಬರ್ ಮಳೆಗೆ ಕೆರೆಗಳ ಕಟ್ಟೆ ಒಡೆದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಇಂಥ ಕಡೆ ಸಾಮಾನು ಕಟ್ಟಿಕೊಳ್ಳಲು ಸಿಗುವುದು ಕೆಲವೇ ನಿಮಿಷ.

ದೆಹಲಿ, 2023: ಜುಲೈನಲ್ಲಿ ಯಮುನೆ 208.66 ಮೀಟರ್ ಮಟ್ಟಕ್ಕೆ ಏರಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. ನೀರು ಶುದ್ಧೀಕರಣ ಘಟಕಗಳಿಗೇ ನೀರು ನುಗ್ಗಿದ್ದರಿಂದ, ನೆರೆ ತಟ್ಟದ ಬಡಾವಣೆಗಳಲ್ಲೂ ಕುಡಿಯುವ ನೀರಿಗೆ ತತ್ವಾರವಾಯಿತು.

ಅಂದರೆ ಕೈಕೊಡುವುದು ದಾರಿ, ಕರೆಂಟ್, ಫೋನ್ ಮತ್ತು ನೀರು. ಆರೋಗ್ಯವಂತರಿಗೆ ಇದು ತೊಂದರೆ. ರೋಗಿಗೆ ಇವು ನಾಲ್ಕೂ ಚಿಕಿತ್ಸೆಯ ಭಾಗ. ಹಾಗಾಗಿ ಮನೆಯವರು ಒಟ್ಟಿಗೆ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇವುಗಳಲ್ಲಿ ಯಾವುದು ನಿಂತರೆ ನಮ್ಮ ರೋಗಿಗೆ ಎಷ್ಟು ಹೊತ್ತಿನಲ್ಲಿ ಅಪಾಯ? ಆಕ್ಸಿಜನ್ ಮೇಲಿರುವವರಿಗೆ ಉತ್ತರ ನಿಮಿಷ ಅಥವಾ ಗಂಟೆಗಳಲ್ಲಿ ಇರುತ್ತದೆ. ಇನ್ಸುಲಿನ್ ಅವಲಂಬಿತ ಟೈಪ್ 1 ಮಧುಮೇಹಿಗೆ ಒಂದು ದಿನದೊಳಗೆ. ಡಯಾಲಿಸಿಸ್ ರೋಗಿಗೆ ಎರಡು-ಮೂರು ದಿನ. ಬಿಪಿ, ಥೈರಾಯ್ಡ್ ಮಾತ್ರೆ ಮಾತ್ರ ತೆಗೆದುಕೊಳ್ಳುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಕಾಲಾವಕಾಶ. ಈ ಉತ್ತರದ ಮೇಲೆ ನಿಮ್ಮ ಸಿದ್ಧತೆ ನಿಂತಿದೆ.

ಔಷಧದ ದಾಸ್ತಾನು

ಮನೆಯಲ್ಲಿ ಎರಡು ವಾರದ ಹೆಚ್ಚುವರಿ ಔಷಧ ಇದ್ದರೆ ಅಂಗಡಿ ಮುಚ್ಚಿದರೂ, ಸಾಗಣೆ ನಿಂತರೂ ಆತಂಕವಿಲ್ಲ. ಒಂದೇ ಸಲ ಇಷ್ಟು ಕೊಳ್ಳುವುದು ಹೊರೆಯಾದರೆ, ಪ್ರತಿ ತಿಂಗಳು ಔಷಧ ಮುಗಿಯುವ ನಾಲ್ಕು ದಿನ ಮೊದಲೇ ಮುಂದಿನ ತಿಂಗಳದ್ದನ್ನು ತನ್ನಿ. ನಾಲ್ಕು ತಿಂಗಳಲ್ಲಿ ತಾನಾಗಿಯೇ ಎರಡು ವಾರದ ದಾಸ್ತಾನು ಆಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಅನೇಕ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಇಎಸ್‌ಐ ಅಥವಾ ಸಿಜಿಎಚ್‌ಎಸ್‌ನಲ್ಲಿ ಔಷಧ ಪಡೆಯುವವರು ಮಳೆಗಾಲಕ್ಕೆ ಮುನ್ನ ಹೆಚ್ಚು ದಿನಗಳಿಗೆ ಬರೆದುಕೊಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ.

• ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಹಿಂದೆ ಇಡಿ. ದಾಸ್ತಾನು ಬೀರುವಿನಲ್ಲಿ ಮರೆತು ಅವಧಿ ಮೀರಬಾರದು.
• ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಬೇಡಿ. ಹೆಸರು ಮತ್ತು ಅವಧಿ ಕಾಣುವ ಭಾಗವನ್ನು ಕೊನೆಗೆ ಕತ್ತರಿಸಿ.
• ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೆಲದಿಂದ ಎತ್ತರದಲ್ಲಿ, ಕೈಗೆ ಸಿಗುವಂತೆ ಇಡಿ.
• ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣ ಸಾಧನದ ಬ್ಯಾಟರಿ, ಗ್ಲುಕೋಮೀಟರ್ ಪಟ್ಟಿ, ಸೂಜಿ, ಕ್ಯಾತಿಟರ್, ಡೈಪರ್‌ಗಳೂ ಪಟ್ಟಿಯಲ್ಲಿರಲಿ. ಅವಸರದಲ್ಲಿ ಮರೆತುಹೋಗುವುದು ಇವೇ.

ಜೀವ ಉಳಿಸುವ ಒಂದು ಹಾಳೆ

ಪರಿಹಾರ ಶಿಬಿರದಲ್ಲಾಗಲಿ, ಹೊಸ ಆಸ್ಪತ್ರೆಯಲ್ಲಾಗಲಿ ವೈದ್ಯರು ಮೊದಲು ಕೇಳುವುದು "ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ?" ಎಂದು. "ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಗುಲಾಬಿ ಮಾತ್ರೆ" ಎಂಬ ಉತ್ತರದಿಂದ ಪ್ರಯೋಜನವಿಲ್ಲ. ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ:

• ಹೆಸರು, ವಯಸ್ಸು, ತೂಕ, ರಕ್ತದ ಗುಂಪು
• ಕಾಯಿಲೆಗಳು, ಆಗಿರುವ ಶಸ್ತ್ರಚಿಕಿತ್ಸೆಗಳು, ಸ್ಟೆಂಟ್ ಅಥವಾ ಪೇಸ್‌ಮೇಕರ್ ಇದೆಯೇ ಎಂಬುದು
• ಪ್ರತಿ ಔಷಧದ ಜನರಿಕ್ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ. ಬ್ರ್ಯಾಂಡ್ ಹೆಸರೊಂದೇ ಇದ್ದರೆ ಬೇರೆ ಊರಿನ ಅಂಗಡಿಯಲ್ಲಿ ಸಿಗದಿರಬಹುದು
• ಯಾವ ಔಷಧಕ್ಕೆ ಅಲರ್ಜಿ
• ನೋಡುತ್ತಿರುವ ವೈದ್ಯರು, ಆಸ್ಪತ್ರೆಯ ನೋಂದಣಿ ಸಂಖ್ಯೆ
• ಇಬ್ಬರು ಸಂಬಂಧಿಕರ ಫೋನ್ ನಂಬರ್. ಅವರಲ್ಲಿ ಒಬ್ಬರು ಬೇರೆ ಊರಿನವರಾಗಿರಲಿ

ಊರಿನಲ್ಲಿ ಫೋನ್ ಸಂಪರ್ಕ ಅಸ್ತವ್ಯಸ್ತವಾದಾಗ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇರುವ ಒಬ್ಬ ನೆಂಟರು ಎಲ್ಲರ ಸುದ್ದಿಯನ್ನೂ ಒಂದುಗೂಡಿಸಬಲ್ಲರು. ಮನೆಯವರೆಲ್ಲ ಅವರಿಗೆ ಮೆಸೇಜ್ ಕಳಿಸುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಇರುತ್ತದೆ.

ಹೊರನಾಡಿನ ಕನ್ನಡ ಮನೆಗಳಿಗೆ ಇನ್ನೊಂದು ಮಾತು. ಮಕ್ಕಳ ಜೊತೆ ಇರಲು ಊರಿನಿಂದ ಬಂದ ತಂದೆ-ತಾಯಿಗೆ ಅನೇಕ ಸಲ ಸ್ಥಳೀಯ ಭಾಷೆ ಬರುವುದಿಲ್ಲ. ನೆರೆ ಬರುವ ಹೊತ್ತಿಗೆ ಮಗ, ಸೊಸೆ ಕಚೇರಿಯಲ್ಲಿದ್ದರೆ ದೋಣಿಯಲ್ಲಿ ಬರುವ ಸಿಬ್ಬಂದಿಗೆ ಅವರು ತಮ್ಮ ಕಾಯಿಲೆಯನ್ನು ಹೇಗೆ ಹೇಳಬೇಕು? ಮೇಲಿನ ಹಾಳೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಿ. ಜೊತೆಗೆ ಒಂದೆರಡು ವಾಕ್ಯ ಬಾಯಿಪಾಠ ಮಾಡಿಸಿ. ಉದಾಹರಣೆಗೆ "ನನಗೆ ಶುಗರ್ ಇದೆ, ಇನ್ಸುಲಿನ್ ಬೇಕು" ಎನ್ನಲು:

• ಮರಾಠಿ: ಮಲಾ ಶುಗರ್ ಆಹೆ, ಇನ್ಸುಲಿನ್ ಪಾಹಿಜೆ.
• ತಮಿಳು: ಎನಕ್ಕು ಶುಗರ್ ಇರುಕ್ಕು, ಇನ್ಸುಲಿನ್ ವೇಣುಂ.
• ತೆಲುಗು: ನಾಕು ಶುಗರ್ ಉಂದಿ, ಇನ್ಸುಲಿನ್ ಕಾವಾಲಿ.
• ಹಿಂದಿ: ಮುಝೆ ಶುಗರ್ ಹೈ, ಇನ್ಸುಲಿನ್ ಚಾಹಿಯೇ.

ಈ ಹಾಳೆಯ ಒಂದು ಪ್ರತಿ ಔಷಧದ ಚೀಲದಲ್ಲಿ, ಒಂದು ರೋಗಿಯ ಪರ್ಸ್‌ನಲ್ಲಿ, ಒಂದು ಪಕ್ಕದ ಮನೆಯವರ ಬಳಿ ಇರಲಿ. ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿನಲ್ಲೂ ಇಡಿ. ಮರೆವಿನ ಕಾಯಿಲೆ ಇರುವವರ ಜೇಬಿನಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಸದಾ ಇರಬೇಕು.

ಕಾಯಿಲೆಗೆ ತಕ್ಕ ಸಿದ್ಧತೆ

ಮಧುಮೇಹ

ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ ಹೊರಗೆ, 30 ಡಿಗ್ರಿಯೊಳಗಿನ ತಂಪಿನಲ್ಲಿ ಕೆಡದೆ ಇರುತ್ತದೆ. ನಿಮ್ಮದು ಎಷ್ಟು ದಿನ ಎಂದು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ. ಹಾಗಾಗಿ ಕರೆಂಟ್ ಹೋದ ಕೂಡಲೇ ಇನ್ಸುಲಿನ್ ಎಸೆಯಬೇಕಿಲ್ಲ. ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ನೀರು ನುಗ್ಗದ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು, ಮಡಕೆಯನ್ನು ಗಾಳಿಯಾಡುವ ನೆರಳಿನಲ್ಲಿ ಇಡಿ. ಐಸ್‌ಗೆ ನೇರವಾಗಿ ತಾಗಿಸಬೇಡಿ; ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡುವುದಿಲ್ಲ. ತಿಳಿಯಾಗಿರಬೇಕಾದದ್ದು ಕದಡಿದ್ದರೆ ಅಥವಾ ಗಂಟುಗಟ್ಟಿದ್ದರೆ ಬಳಸಬೇಡಿ.

ಊಟದ ಹೊತ್ತು ತಪ್ಪಿದಾಗ ಸಕ್ಕರೆ ದಿಢೀರ್ ಇಳಿಯಬಹುದು. ಬೆವರು, ಕೈ ನಡುಕ, ತಲೆಸುತ್ತು, ಮಾತು ತೊದಲುವುದು ಇದರ ಲಕ್ಷಣ. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಟೈಪ್ 1 ಮಧುಮೇಹ ಇರುವವರು ಊಟ ಕಡಿಮೆಯಾದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ವಾಂತಿ-ಭೇದಿಯಾಗಿ ಊಟ ಸೇರದಿದ್ದಾಗ ಮೆಟ್‌ಫಾರ್ಮಿನ್ ಮತ್ತು ಹೆಸರಿನ ಕೊನೆಯಲ್ಲಿ "ಗ್ಲಿಫ್ಲೋಜಿನ್" ಎಂದಿರುವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ನಿಮ್ಮ ವೈದ್ಯರನ್ನು ಈಗಲೇ ಕೇಳಿ ಹಾಳೆಯಲ್ಲಿ ಬರೆದುಕೊಳ್ಳಿ. ಕಾಲಿನ ಸ್ಪರ್ಶ ಕಡಿಮೆಯಿರುವವರು ಬರಿಗಾಲಲ್ಲಿ ನೀರಿಗೆ ಇಳಿಯಲೇಬಾರದು.

ಡಯಾಲಿಸಿಸ್

ಭಾರೀ ಮಳೆಯ ಮುನ್ಸೂಚನೆ ಬಂದ ಕೂಡಲೇ ಕೇಂದ್ರಕ್ಕೆ ಫೋನ್ ಮಾಡಿ, ಮುಂದಿನ ಸರದಿಯನ್ನು ಒಂದು ದಿನ ಮುಂಚೆ ಮಾಡಲು ಸಾಧ್ಯವೇ ಎಂದು ಕೇಳಿ. ಅಮೆರಿಕದಲ್ಲಿ 2012ರ ಸ್ಯಾಂಡಿ ಚಂಡಮಾರುತಕ್ಕೆ ಮುನ್ನ ಹೀಗೆ ಮುಂಚಿತವಾಗಿ ಡಯಾಲಿಸಿಸ್ ಪಡೆದವರಲ್ಲಿ ಆಸ್ಪತ್ರೆಗೆ ದಾಖಲಾಗುವುದೂ ಸಾವೂ ಕಡಿಮೆ ಇದ್ದವು. ಊರಿನ ಇನ್ನೊಂದು ಭಾಗದಲ್ಲಿರುವ ಎರಡನೇ ಕೇಂದ್ರದ ವಿಳಾಸವನ್ನೂ, ಇತ್ತೀಚಿನ ಡಯಾಲಿಸಿಸ್ ವಿವರ ಮತ್ತು ಎಚ್‌ಐವಿ, ಹೆಪಟೈಟಿಸ್ ಪರೀಕ್ಷಾ ವರದಿಗಳನ್ನೂ ಜೊತೆಗಿಡಿ. ಆ ವರದಿ ಇಲ್ಲದಿದ್ದರೆ ಹೊಸ ಕೇಂದ್ರ ಸೇರಿಸಿಕೊಳ್ಳಲು ತಡಮಾಡಬಹುದು.

ಸರದಿ ತಪ್ಪಿದರೆ ಆಹಾರದಲ್ಲಿ ಕಟ್ಟುನಿಟ್ಟು ಬೇಕು. ನೀರು, ಚಹಾ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಎಷ್ಟು ಕುಡಿಯಬಹುದು ಎಂದು ನೆಫ್ರಾಲಜಿಸ್ಟ್ ಬಳಿ ಮೊದಲೇ ಬರೆಸಿಕೊಳ್ಳಿ. ಇಂಥ ದಿನಗಳಲ್ಲಿ ಸಾಮಾನ್ಯವಾಗಿ ಸುಮಾರು ಅರ್ಧ ಲೀಟರ್‌ಗೆ ಮಿತಿಗೊಳಿಸಲು ಹೇಳುತ್ತಾರೆ. ಶಿಬಿರಗಳಲ್ಲಿ ಪ್ರೀತಿಯಿಂದ ಕೊಡುವ ಬಾಳೆಹಣ್ಣು, ಎಳನೀರು, ಕಿತ್ತಳೆ ರಸ, ಟೊಮೆಟೊ ಸಾರು, ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ಹೆಚ್ಚು. ಒಆರ್‌ಎಸ್‌ನಲ್ಲೂ ಪೊಟ್ಯಾಸಿಯಂ ಮತ್ತು ಉಪ್ಪು ಇರುತ್ತದೆ. ವೈದ್ಯರು ಹೇಳದೆ ಕೊಡಬೇಡಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಬಾಯಾರಿಕೆ ಹೆಚ್ಚಿಸುತ್ತವೆ. ಉಸಿರಾಟ ಕಷ್ಟವಾದರೆ, ಎದೆ ಬಡಿತ ಏರುಪೇರಾದರೆ, ಸ್ನಾಯುಗಳು ಶಕ್ತಿ ಕಳೆದುಕೊಂಡರೆ ಅದು ತುರ್ತು ಸ್ಥಿತಿ.

ಆಕ್ಸಿಜನ್ ಮತ್ತು ಉಸಿರಾಟದ ಕಾಯಿಲೆ

ಇಲ್ಲಿ ಲೆಕ್ಕವೇ ಮುಖ್ಯ. 5 ಲೀಟರ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ವಿದ್ಯುತ್ ಬಳಸುತ್ತದೆ. ಮನೆಯ ಇನ್ವರ್ಟರ್‌ನ 150 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದು, ಬೇರೆ ಏನೂ ಓಡದಿದ್ದರೆ ಅದು 3ರಿಂದ 4 ಗಂಟೆ ನಡೆದೀತು. ಹಳೆಯ ಬ್ಯಾಟರಿಯಾದರೆ ಇನ್ನೂ ಕಡಿಮೆ. ಆದ್ದರಿಂದ ತುಂಬಿದ ಸಿಲಿಂಡರ್ ಒಂದು ಜೊತೆಗಿರಬೇಕು. 1,500 ಲೀಟರ್ ಆಕ್ಸಿಜನ್ ಹಿಡಿಯುವ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ 2 ಲೀಟರ್‌ನಂತೆ ಬಳಸಿದರೆ ಸುಮಾರು 12 ಗಂಟೆ ಬರುತ್ತದೆ; 4 ಲೀಟರ್‌ನಂತೆ ಬಳಸಿದರೆ 6 ಗಂಟೆ. ಈ ಎರಡನ್ನೂ ಕೂಡಿಸಿದರೂ ಒಂದು ದಿನ ತುಂಬುವುದಿಲ್ಲ. ಆಕ್ಸಿಜನ್ ಮೇಲಿರುವವರನ್ನು ಮೊದಲೇ ಸ್ಥಳಾಂತರಿಸಬೇಕು ಎನ್ನುವುದು ಇದಕ್ಕಾಗಿಯೇ.

ಸಿಲಿಂಡರ್ ಬೀಳದಂತೆ ಗೋಡೆಗೆ ಕಟ್ಟಿ. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಮೇಣದಬತ್ತಿ, ಬೀಡಿ-ಸಿಗರೇಟು ಬೇಡ. ಆಸ್ತಮಾ ಇರುವವರು ಕರೆಂಟ್ ಬೇಕಾದ ನೆಬ್ಯುಲೈಸರ್ ಜೊತೆಗೆ ಇನ್‌ಹೇಲರ್ ಮತ್ತು ಸ್ಪೇಸರ್ ಇಟ್ಟುಕೊಂಡು, ಬಳಸುವ ಕ್ರಮ ಕಲಿತಿರಬೇಕು.

ಹೃದ್ರೋಗ, ಫಿಟ್ಸ್, ಮಾನಸಿಕ ಕಾಯಿಲೆ

ಕೆಲವು ಔಷಧಗಳನ್ನು ತಟ್ಟನೆ ನಿಲ್ಲಿಸುವುದು ಅಪಾಯ. ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಬೀಟಾ ಬ್ಲಾಕರ್‌ಗಳು, ಫಿಟ್ಸ್ ಮಾತ್ರೆಗಳು, ದೀರ್ಘಕಾಲದ ಸ್ಟೀರಾಯ್ಡ್, ಕ್ಲೊನಾಜೆಪಾಮ್‌ನಂಥ ಮಾತ್ರೆಗಳು ಈ ಗುಂಪಿನವು. ಇವುಗಳ ಹೆಸರಿನ ಮುಂದೆ ಹಾಳೆಯಲ್ಲಿ "ನಿಲ್ಲಿಸಬಾರದು" ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ದೇಹದ ನೀರಿನಂಶ ಕಡಿಮೆಯಾದರೆ ಔಷಧ ವಿಷವಾಗಬಹುದು; ವಾಂತಿ-ಭೇದಿ ಶುರುವಾದರೆ ಬೇಗ ವೈದ್ಯರನ್ನು ಸಂಪರ್ಕಿಸಿ. ಕ್ಷಯ ಮತ್ತು ಎಚ್‌ಐವಿ ಔಷಧಗಳೂ ಒಂದು ದಿನ ತಪ್ಪಬಾರದು. ನೀವು ಊರು ಬಿಟ್ಟು ಹೋಗಬೇಕಾದರೆ ಸರ್ಕಾರಿ ಕೇಂದ್ರಕ್ಕೆ ತಿಳಿಸಿ, ಹೋದ ಕಡೆ ಔಷಧ ಪಡೆಯುವ ದಾರಿ ಕೇಳಿ.

ಹಾಸಿಗೆ ಹಿಡಿದವರು

ಗಾಳಿ ಹಾಸಿಗೆ ಬಳಸುತ್ತಿದ್ದರೆ, ಕರೆಂಟ್ ಹೋದಾಗ ಅದರ ಪಂಪು ನಿಂತು ಹಾಸಿಗೆ ಇಳಿಯುತ್ತದೆ. ಆಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವವರು ಮಿಕ್ಸಿ ಇಲ್ಲದೆ ಕದಡಬಹುದಾದ ಪುಡಿ ಆಹಾರ ಇಟ್ಟುಕೊಳ್ಳಿ.

ಲಿಫ್ಟ್ ಇಲ್ಲದಾಗ ಇವರನ್ನು ಇಳಿಸುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು. ಕೈಹಿಡಿ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಮುಂದೊಬ್ಬರು ಹಿಂದೊಬ್ಬರು ಹಿಡಿದು ಮೆಟ್ಟಿಲಿಳಿಸಬಹುದು. ಸೊಸೈಟಿಯ ಕಾರ್ಯದರ್ಶಿ, ವಾಚ್‌ಮನ್ ಮತ್ತು ಅಕ್ಕಪಕ್ಕದ ಇಬ್ಬರಿಗೆ "ನಮ್ಮ ಮನೆಯಲ್ಲಿ ನಡೆಯಲಾಗದವರು ಇದ್ದಾರೆ" ಎಂದು ತಿಳಿಸಿ, ಒಂದು ಬೀಗದ ಕೈ ಕೊಟ್ಟಿರಿ. ಸಂಕೋಚ ಬೇಡ. ನೆರೆಯ ಮೊದಲ ಗಂಟೆಗಳಲ್ಲಿ ಕೈಗೆ ಸಿಗುವುದು ನೆರೆಮನೆಯವರೇ.

ಗರ್ಭಿಣಿ ಮತ್ತು ಹಸುಗೂಸು

ಹೆರಿಗೆಗೆ ಮೂರು-ನಾಲ್ಕು ವಾರ ಉಳಿದಿದ್ದು ನಿಮ್ಮ ಬಡಾವಣೆಯಲ್ಲಿ ನೀರು ನಿಲ್ಲುವ ಇತಿಹಾಸವಿದ್ದರೆ, ಆಸ್ಪತ್ರೆಗೆ ಹತ್ತಿರದ ಎತ್ತರದ ಜಾಗದಲ್ಲಿರುವ ನೆಂಟರ ಮನೆಗೆ ಹೋಗಿ. ತಾಯಿ ಕಾರ್ಡ್, ಸ್ಕ್ಯಾನ್ ವರದಿ ಚೀಲದಲ್ಲಿರಲಿ. ಎದೆಹಾಲು ಕುಡಿಸುವುದನ್ನು ನಿಲ್ಲಿಸಬೇಡಿ. ಕೊಳೆ ನೀರಿನ ದಿನಗಳಲ್ಲಿ ಮಗುವಿಗೆ ಅದಕ್ಕಿಂತ ಸುರಕ್ಷಿತ ಆಹಾರವಿಲ್ಲ. ತಾಯಿ ಹೆದರಿದರೆ ಹಾಲು ಬತ್ತುತ್ತದೆ ಎಂದು ಪುಡಿ ಹಾಲಿಗೆ ಬದಲಾಯಿಸುವುದು ಸರಿಯಲ್ಲ. ಪದೇ ಪದೇ ಕುಡಿಸುತ್ತಿದ್ದರೆ ಹಾಲು ಬರುತ್ತದೆ.

ನೀರು ಮತ್ತು ಆಹಾರ

ಕುಡಿಯಲು ಮತ್ತು ಅಡುಗೆಗೆ ತಲಾ ದಿನಕ್ಕೆ 4 ಲೀಟರ್ ಎಂದು ಲೆಕ್ಕ ಹಿಡಿಯಿರಿ. ನಾಲ್ವರ ಮನೆಗೆ ಮೂರು ದಿನಕ್ಕೆ 48 ಲೀಟರ್. 20 ಲೀಟರ್‌ನ ಮೂರು ಕ್ಯಾನ್ ಇದ್ದರೆ ಸಾಕು. ಆರ್‌ಒ ಯಂತ್ರ ಕರೆಂಟ್ ಇಲ್ಲದೆ ನಡೆಯುವುದಿಲ್ಲ ಎಂಬುದನ್ನು ಮರೆಯಬೇಡಿ. ನಲ್ಲಿ ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ. ಅದು ಸಾಧ್ಯವಿಲ್ಲದಿದ್ದರೆ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ನೆರೆ ನೀರು ಸೇರಿದ ಸಂಪಿನ ನೀರನ್ನು ಶುಚಿ ಮಾಡುವ ತನಕ ಮುಟ್ಟಬೇಡಿ.

ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಮಂಡಕ್ಕಿ, ಹುರಿಗಡಲೆ, ಶೇಂಗಾ, ರಾಗಿ ಹುರಿಹಿಟ್ಟು ಡಬ್ಬಿಯಲ್ಲಿರಲಿ. ಕಿಡ್ನಿ ರೋಗಿಗಳಿಗೆ ಮಾತ್ರ ಶೇಂಗಾ, ಕಡಲೆ ಹೊಂದದಿರಬಹುದು. ಅವರಿಗೆ ಮಂಡಕ್ಕಿ, ಅವಲಕ್ಕಿ ಬೇರೆ ತೆಗೆದಿಡಿ. ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯದ ಫ್ರಿಜ್ ಸುಮಾರು 4 ಗಂಟೆ ತಂಪು ಉಳಿಸಿಕೊಳ್ಳುತ್ತದೆ. ಅದರ ನಂತರ ಹಾಲು, ಮಾಂಸ, ಬೇಯಿಸಿದ ಆಹಾರವನ್ನು ರೋಗಿಗೆ ಕೊಡಬೇಡಿ.

ಮುನ್ಸೂಚನೆ ಬಂದಾಗ ಏನು ಮಾಡಬೇಕು?

ಹವಾಮಾನ ಇಲಾಖೆ ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ಮೊಬೈಲಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ "ಸಚೇತ್" ಆ್ಯಪ್ ಇದ್ದರೆ ನಿಮ್ಮ ಪ್ರದೇಶದ ಎಚ್ಚರಿಕೆ ನೇರವಾಗಿ ಬರುತ್ತದೆ.

• ಹಳದಿ: ಔಷಧದ ಚೀಲ ತೆಗೆದು ನೋಡಿ. ಫೋನ್, ಪವರ್ ಬ್ಯಾಂಕ್, ಇನ್ವರ್ಟರ್ ಚಾರ್ಜ್ ಮಾಡಿ.
• ಕಿತ್ತಳೆ: ನೀರು ತುಂಬಿಸಿಡಿ. ಡಯಾಲಿಸಿಸ್ ಸರದಿ ಮುಂಚೆ ಮಾಡಿಸಿ. ಆಕ್ಸಿಜನ್ ಸಿಲಿಂಡರ್ ತುಂಬಿಸಿ. ಒಬ್ಬರಾದರೂ ಮನೆಯಲ್ಲೇ ಉಳಿಯಿರಿ. ನೀರು ನಿಲ್ಲುವ ಜಾಗದಲ್ಲಿದ್ದರೆ ಆಕ್ಸಿಜನ್, ಡಯಾಲಿಸಿಸ್ ರೋಗಿ ಮತ್ತು ತುಂಬು ಗರ್ಭಿಣಿಯನ್ನು ಹಗಲಿನಲ್ಲೇ ಸ್ಥಳಾಂತರಿಸಿ.
• ಕೆಂಪು: 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚಿನ, ಅಂದರೆ ಅತ್ಯಂತ ಭಾರೀ ಮಳೆಯ ನಿರೀಕ್ಷೆ ಇದ್ದಾಗ ಸಾಮಾನ್ಯವಾಗಿ ಈ ಬಣ್ಣ ಬರುತ್ತದೆ. ಅನಿವಾರ್ಯವಲ್ಲದ ಪ್ರಯಾಣ ಬೇಡ. ಅಧಿಕಾರಿಗಳು ಹೊರಡಿ ಎಂದರೆ ತಡಮಾಡಬೇಡಿ.

"ಇನ್ನೂ ಸ್ವಲ್ಪ ನೋಡೋಣ" ಎಂದು ಕಾಯುವುದು ಆರೋಗ್ಯವಂತರಿಗೆ ನಡೆದೀತು. ಸೊಂಟದ ಮಟ್ಟದ ನೀರಿನಲ್ಲಿ ಗಾಲಿಕುರ್ಚಿಯನ್ನೋ ಸಿಲಿಂಡರನ್ನೋ ಸಾಗಿಸುವುದು ಯಾರಿಂದಲೂ ಸುಲಭವಿಲ್ಲ. ಮಳೆ ಬಾರದೆ ಹೋದರೆ ಒಂದು ದಿನ ನೆಂಟರ ಮನೆಯಲ್ಲಿ ಕಳೆದಂತಾಯಿತು, ಅಷ್ಟೇ.

ನೀರು ಏರುತ್ತಿರುವಾಗ

• ನೀರು ಒಳಗೆ ಬರುವ ಮುನ್ನವೇ ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ರೆಗ್ಯುಲೇಟರ್ ಮುಚ್ಚಿ. ನೀರಿನಲ್ಲಿ ನಿಂತು ಸ್ವಿಚ್‌ಬೋರ್ಡ್ ಮುಟ್ಟಬೇಡಿ.
• ಜನರೇಟರ್ ಅಥವಾ ಇದ್ದಿಲು ಒಲೆಯನ್ನು ಮನೆಯೊಳಗೆ, ಬಾಲ್ಕನಿಯಲ್ಲಿ ಬಳಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದ್ದಲ್ಲೇ ಜೀವ ತೆಗೆಯುತ್ತದೆ.
• ಹರಿಯುವ ನೀರು ಮೊಣಕಾಲಿಗಿಂತ ಕೆಳಗಿದ್ದರೂ ಆಳು ಬೀಳಬಹುದು. ಬಾಯಿ ತೆರೆದ ಚರಂಡಿ ಕಾಣುವುದಿಲ್ಲ. ಕೋಲಿನಿಂದ ತಡಕಿ ನಡೆಯಿರಿ. ವಿದ್ಯುತ್ ಕಂಬದಿಂದ ದೂರವಿರಿ.
• ನೀರಿನಲ್ಲಿ ಕಾರು ನಿಂತರೆ ಕಿಟಕಿ ಇಳಿಸಿ ಕೂಡಲೇ ಹೊರಬನ್ನಿ. 2005ರಲ್ಲಿ ಮುಂಬೈಯಲ್ಲಿ ಕಾರಿನೊಳಗೆ ಸಿಕ್ಕಿಕೊಂಡು ಸತ್ತವರಿದ್ದರು.

ನೀರು ಇಳಿದ ಮೇಲೆ

ಮುಂಬೈಯಲ್ಲಿ 2005ರ ನೆರೆ ಇಳಿದ ನಂತರ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ, ಜೋರಾಗಿ ಹರಡಿತು. ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ, ಗಾಯ ಅಥವಾ ಬಿರುಕು ಬಿಟ್ಟ ಚರ್ಮದ ಮೂಲಕ ಇದು ದೇಹ ಸೇರುತ್ತದೆ. ನೆರೆ ನೀರಿನಲ್ಲಿ ನಡೆದ ಒಂದು ತಿಂಗಳೊಳಗೆ ಜ್ವರ ಬಂದರೆ, ಅದರಲ್ಲೂ ಕಣ್ಣು ಕೆಂಪಾಗಿ, ಮೀನಖಂಡ ನೋಯುತ್ತಿದ್ದರೆ, ಕಾಮಾಲೆ ಕಂಡರೆ ಅಥವಾ ಮೂತ್ರ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಿ. "ನೆರೆ ನೀರಿನಲ್ಲಿ ನಡೆದಿದ್ದೆ" ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಡೆಂಗಿಯೂ ಇದೇ ಸಮಯದಲ್ಲಿ ಹೆಚ್ಚುತ್ತದೆ. ಹಾಗಾಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬೇಡ. ಹೃದ್ರೋಗಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಗಾಯವಾದರೆ ಸೋಪು ಮತ್ತು ಶುದ್ಧ ನೀರಿನಿಂದ ತೊಳೆದು, ಟೆಟನಸ್ ಚುಚ್ಚುಮದ್ದು ಬೇಕೇ ಎಂದು ವಿಚಾರಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ನಿದ್ದೆ ಬಾರದಿರುವುದು, ಮಳೆಯ ಸದ್ದಿಗೆ ಬೆಚ್ಚುವುದು, ಸುಮ್ಮನೆ ಅಳು ಬರುವುದು ಇಂಥ ಘಟನೆಯ ನಂತರ ಸಹಜ. ಎರಡು ವಾರ ಕಳೆದರೂ ಕಡಿಮೆಯಾಗದಿದ್ದರೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಉಚಿತ ಟೆಲಿ-ಮಾನಸ್ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು. ರೋಗಿಯನ್ನು ನೋಡಿಕೊಳ್ಳುವವರಿಗೂ ಇದು ಬೇಕಾಗಬಹುದು.

ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಎಂಟನೇ ಮಹಡಿಯಲ್ಲಿದ್ದೇವೆ. ನಮಗೂ ಈ ಸಿದ್ಧತೆ ಬೇಕೇ?
ಬೇಕು. ಅಪಾರ್ಟ್‌ಮೆಂಟ್‌ನ ಜನರೇಟರ್, ನೀರಿನ ಪಂಪು, ವಿದ್ಯುತ್ ಪ್ಯಾನೆಲ್ ಬಹಳ ಕಡೆ ನೆಲಮಾಳಿಗೆಯಲ್ಲಿರುತ್ತವೆ. ಅಲ್ಲಿಗೆ ನೀರು ನುಗ್ಗಿದರೆ ಲಿಫ್ಟ್, ಬೆಳಕು, ನಲ್ಲಿ ಎಲ್ಲವೂ ನಿಲ್ಲುತ್ತವೆ.

ನೆರೆ ನೀರಿನಲ್ಲಿ ನೆನೆದ ಔಷಧ ಬಳಸಬಹುದೇ?
ಬಾಟಲಿ, ಟ್ಯೂಬ್, ಬಿಡಿ ಮಾತ್ರೆ ನೆನೆದಿದ್ದರೆ ಎಸೆಯಿರಿ. ಸ್ಟ್ರಿಪ್ ಕೂಡ ಬೇರೆ ಇರುವಾಗ ಬಳಸಬೇಡಿ. ಬದಲಿ ಔಷಧ ಸಿಗುವ ತನಕ ಜೀವರಕ್ಷಕ ಮಾತ್ರೆಯನ್ನು ತೆಗೆದುಕೊಳ್ಳಬೇಕೇ ಎಂಬುದನ್ನು ವೈದ್ಯರು ಅಥವಾ ಫಾರ್ಮಸಿಸ್ಟ್ ಹೇಳಲಿ.

ವೈದ್ಯರ ಚೀಟಿ ಕಳೆದುಹೋದರೆ?
ಮೊಬೈಲಿನಲ್ಲಿರುವ ಫೋಟೋ ಆಗ ನೆರವಿಗೆ ಬರುತ್ತದೆ. ಸರ್ಕಾರದ ಇ-ಸಂಜೀವನಿ ಸೇವೆಯಲ್ಲಿ ವೈದ್ಯರೊಂದಿಗೆ ಉಚಿತವಾಗಿ ಮಾತಾಡಿ ಹೊಸ ಚೀಟಿ ಪಡೆಯಲೂಬಹುದು.

ಇಲಿ ಜ್ವರ ತಡೆಯುವ ಮಾತ್ರೆಯನ್ನು ನಾವೇ ಕೊಂಡು ತೆಗೆದುಕೊಳ್ಳಬಹುದೇ?
ಬೇಡ. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನೀರಿನಲ್ಲಿ ನಡೆದಿದ್ದರೆ ಹತ್ತಿರದ ಪಾಲಿಕೆ ದವಾಖಾನೆಯಲ್ಲಿ ತೋರಿಸಿ.

ಬರೆದಿಟ್ಟುಕೊಳ್ಳಬೇಕಾದ ನಂಬರ್‌ಗಳು

• ಎಲ್ಲ ತುರ್ತು ಸೇವೆ: 112
• ಆಂಬ್ಯುಲೆನ್ಸ್: 108, ದೆಹಲಿಯಲ್ಲಿ 102
• ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077, ರಾಜ್ಯ ನಿಯಂತ್ರಣ ಕೊಠಡಿ: 1070
• ಮುಂಬೈ ಪಾಲಿಕೆ: 1916, ಚೆನ್ನೈ ಪಾಲಿಕೆ: 1913
• ಮಾನಸಿಕ ನೆರವು: 14416

ಮೊಬೈಲ್ ಸತ್ತುಹೋದರೆ ಅದರೊಳಗಿನ ನಂಬರ್ ಸಿಗುವುದಿಲ್ಲ. ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೂ ಔಷಧದ ಚೀಲಕ್ಕೂ ಅಂಟಿಸಿ.

ಯಾವಾಗ ಶುರು ಮಾಡಬೇಕು?

ಮುಂಬೈ, ಪುಣೆ, ಹೈದರಾಬಾದ್, ದೆಹಲಿಯವರು ಮೇ ತಿಂಗಳೊಳಗೆ, ಹಿಂಗಾರು ಮಳೆ ಹೆಚ್ಚು ಬೀಳುವ ಚೆನ್ನೈಯವರು ಸೆಪ್ಟೆಂಬರ್ ಒಳಗೆ ಸಿದ್ಧತೆ ಮುಗಿಸಿ. ಪ್ರತಿ ವರ್ಷ ಅದೇ ಹೊತ್ತಿಗೆ ಚೀಲ ತೆರೆದು ಅವಧಿ ಮೀರಿದ್ದನ್ನು ಬದಲಿಸಿ, ಹಾಳೆಯಲ್ಲಿ ಬದಲಾದ ಔಷಧಗಳನ್ನು ತಿದ್ದಿ. ಎಲ್ಲವನ್ನೂ ಒಂದೇ ದಿನ ಮಾಡಲಾಗದು. ಇವತ್ತು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಒಂದು ಹಾಳೆ ಬರೆದು ಮುಗಿಸಿ. ನಾಳೆ ಅದರ ಒಂದು ಪ್ರತಿಯನ್ನು ಪಕ್ಕದ ಮನೆಗೆ ಕೊಟ್ಟು ಬನ್ನಿ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ಔಷಧದ ಪ್ರಮಾಣ, ಆಹಾರದ ಮಿತಿಗಳನ್ನು ನಿಮ್ಮ ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಿ.